ಹೆಬ್ಬೆರಳಿನ ಬೆಲೆ

ಏಕಲವ್ಯನ ಕಥೆ ಪಾಠ ಹೇಳುವಾಗ ದ್ರೋಣರನ್ನು ಬೈಯದ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಹೆಬ್ಬೆರಳು ಹೋದರೆ ಬಿಲ್ಲು ಹೋಯಿತು, ಬಿಲ್ಲು ಹೋದರೆ ಬಾಳು ಹೋಯಿತು ಎಂಬುದು ಹದಿನೆಂಟರ ಹುಡುಗನಿಗೂ ತಿಳಿಯುತ್ತದೆ. ನಮ್ಮ ಕಾಯಿದೆಗೆ ಮಾತ್ರ ಇದು ತಿಳಿದಂತಿಲ್ಲ. ಕೆಲಸದಲ್ಲಿ ಹೆಬ್ಬೆರಳು ಹೋದವನ ದುಡಿಮೆಯ ಶಕ್ತಿ ನೂರಕ್ಕೆ 30ರಷ್ಟು ಕುಗ್ಗಿತು, ಎರಡು ಬೆರಳಿಗೆ 20, ಇಡೀ ಹಸ್ತಕ್ಕೆ 60 ಎಂದು ಅಲ್ಲೊಂದು ಪಟ್ಟಿಯಿದೆ. 1923ರ ಕಾಯಿದೆಯ ಈ ಪದ್ಧತಿ 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ನಡೆದುಬಂದಿದೆ.

ಪಟ್ಟಿಯೇ ಬೇಡವೆಂಬುದು ನನ್ನ ವಾದವಲ್ಲ. ಅದಿಲ್ಲದಿದ್ದರೆ ಬಡವನು ಆ 30ಕ್ಕೂ ಕೋರ್ಟಿನ ಮೆಟ್ಟಿಲು ಸವೆಸಬೇಕಾಗುತ್ತಿತ್ತು. ನನ್ನ ತಕರಾರು, ಪಟ್ಟಿಯ ಅಂಕಿಯನ್ನೇ ಮನುಷ್ಯನ ಪೂರ್ಣ ನಷ್ಟವೆಂದು ನಂಬಿ ಕುಳಿತವರ ಮೇಲೆ. ಪೀಣ್ಯದಲ್ಲಿ ಪವರ್ ಪ್ರೆಸ್ಸಿನ ಮುಂದೆ ನಿಲ್ಲುವವನಿಗೆ ಬಲಗೈಯ ಹೆಬ್ಬೆರಳೆಂದರೆ ಹಿಡಿತ, ಹಿಡಿತವೆಂದರೆ ಕಸುಬು. ಉಳಿದ 70ನ್ನು ಹೊತ್ತು ಅವನು ಯಾರ ಬಾಗಿಲಿಗೆ ಹೋಗಬೇಕು? ಇಲ್ಲದ ಬೆರಳು ರಾತ್ರಿಯಲ್ಲಿ ನೋಯುವುದುಂಟು. ವೈದ್ಯರು ಇದನ್ನು ಬಲ್ಲರು. ಅಂಗಿಯ ಗುಂಡಿ ಹಾಕಲು ಹೆಂಡತಿಯ ಕೈ ಬೇಕು. ಮಗ ಶಾಲೆ ಬಿಟ್ಟು ಗ್ಯಾರೇಜು ಸೇರುತ್ತಾನೆ. ಇವೆಲ್ಲ ಯಾವ ಪಟ್ಟಿಯಲ್ಲಿವೆ?

ಎಡಗೈಯನ್ನು ಮೊಣಕೈಯಿಂದ ಮೇಲಕ್ಕೆ ಕತ್ತರಿಸಬೇಕಾಗಿ ಬಂದ ಬಡಗಿಯೊಬ್ಬನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1975ರಲ್ಲೇ ದಾರಿ ತೋರಿಸಿತು: ಒಂದೇ ಕೈಯಿಂದ ಮರಗೆಲಸ ಸಾಗದು, ಆದ್ದರಿಂದ ಇವನ ನಷ್ಟ ಪೂರ್ಣ ನಷ್ಟ. ಅಳೆಯಬೇಕಾದದ್ದು ಕಸುಬನ್ನು ಎಂಬ ವಿವೇಕ ಅದು. ಆದರೆ ಅಷ್ಟು ದೂರ ಹೋಗಲು ಎಷ್ಟು ಮಂದಿಗೆ ಸಾಧ್ಯ? ಇ.ಎಸ್.ಐ.ನಲ್ಲಿ ಹೆಸರಿದ್ದವನಿಗೆ ತಿಂಗಳು ತಿಂಗಳು ಅಷ್ಟೋ ಇಷ್ಟೋ ಬರುತ್ತದೆ. ಗುತ್ತಿಗೆಯ ಹುಡುಗನ ಹೆಸರು ಎಷ್ಟೋ ವೇಳೆ ಯಾವ ಪುಸ್ತಕದಲ್ಲೂ ಇರುವುದಿಲ್ಲ.

“ಅವನದೇ ಅಜಾಗರೂಕತೆ” ಎನ್ನುವ ಮಹನೀಯರಿದ್ದಾರೆ. ಎರಡು ಕೈಗಳಿಂದ ಎರಡು ಗುಂಡಿ ಒತ್ತಿದರಷ್ಟೇ ಇಳಿಯುವ ಪ್ರೆಸ್ಸು ಹೊಸ ಸಂಶೋಧನೆಯೇನಲ್ಲ. ಕೈಗಳೆರಡೂ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಸಿಕ್ಕುವುದೆಂತು? ಆ ಏರ್ಪಾಡು ಮಾಡಿಸದೆ, ಅಥವಾ ಇದ್ದುದನ್ನೂ ಬೇಗ ಮಾಲು ತೆಗೆಯಲೆಂದು ಕೆಡಿಸಿ ಇಟ್ಟರೆ, ಅಜಾಗರೂಕತೆ ಯಾರದು? ದಣಿದ ಕೈ ತಪ್ಪುವುದು ಸಹಜ. ಅದಕ್ಕೆಂದೇ ಯಂತ್ರಕ್ಕೆ ಕಾವಲು.

ಕಾವಲಿಲ್ಲದ ಪ್ರೆಸ್ಸು ನಿಲ್ಲಲಿ. ಪರಿಹಾರವನ್ನು ಕಳೆದ ಕಸುಬಿನಿಂದ ಅಳೆಯಲಿ. ಇನ್ನೊಂದು ಕಸುಬು ಕಲಿಸಿ ಕೆಲಸ ಕೊಡುವ ಹೊಣೆ ಮಾಲೀಕನ ತಲೆಯ ಮೇಲಿರಲಿ. ಇದು ದಾನವಲ್ಲ, ಸಾಲ ತೀರಿಸುವ ಮಾತು. ನಮ್ಮ ಕಾರಿನ, ಫ್ಯಾನಿನ ತಗಡು ಇಂಥ ಪ್ರೆಸ್ಸುಗಳ ಕೆಳಗಿನಿಂದಲೇ ಬಂದದ್ದು. ದ್ರೋಣರಾದರೂ ಎದುರು ನಿಂತು ಹೆಬ್ಬೆರಳು ಕೇಳಿದರು. ನಾವು ಕೊಟ್ಟವನ ಮುಖವನ್ನೂ ನೋಡದೆ ಪಡೆಯುತ್ತಿದ್ದೇವೆ.