ನಮ್ಮ ಜೀನ್ ಡೇಟಾದ ಬೀಗದ ಕೈ ಯಾರ ಹತ್ತಿರ?

ಅಮೆರಿಕದ ಜೆನ್‌ಬ್ಯಾಂಕ್, ಯುರೋಪಿನ ಇಎನ್‌ಎ, ಜಪಾನಿನ ಡಿಡಿಬಿಜೆ. ಜೀವಿಗಳ ಡಿಎನ್‌ಎ ಮಾಹಿತಿ ಕೂಡಿಡುವ ಈ ಮೂರು ಭಂಡಾರಗಳು ದಿನವೂ ಡೇಟಾ ಹಂಚಿಕೊಳ್ಳುತ್ತವೆ. ಒಂದು ಕಡೆ ಕೊಟ್ಟಿದ್ದು ಮೂರೂ ಕಡೆ ಒಂದೇ ಗುರುತಿನ ಸಂಖ್ಯೆಯಲ್ಲಿ ಸಿಗುತ್ತೆ, ಅದೂ ಪುಕ್ಕಟೆ. 2020ರ ಜನವರಿಯಲ್ಲಿ ಕೊರೊನಾ ವೈರಸ್‌ನ ಜೀನೋಮ್ ಬಹಿರಂಗವಾದ ಕೂಡಲೇ ಲಸಿಕೆ ಕೆಲಸ ಶುರುವಾಗಿದ್ದು ಇಂಥ ಮುಕ್ತತೆಯಿಂದಲೇ.

ಮನುಷ್ಯರ ಜೀನೋಮ್ ವಿಷಯ ಬೇರೆ. ಅದು ಖಾಸಗಿ, ನೋಡೋಕೆ ಸಾಮಾನ್ಯವಾಗಿ ಅನುಮತಿ ಬೇಕು. ಆದರೆ 2025ರ ಏಪ್ರಿಲ್‌ನಲ್ಲಿ ಅಮೆರಿಕದ ಎನ್‌ಐಎಚ್ ಚೀನಾ, ರಷ್ಯಾ, ಇರಾನ್ ಸೇರಿ ಆರು ದೇಶಗಳ ಸಂಸ್ಥೆಗಳಿಗೆ ಅಂಥ ಡೇಟಾ ಬಂದ್ ಮಾಡ್ತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ನಾಳೆ?

ಹಾಗಾಗಿ ಫರೀದಾಬಾದಿನಲ್ಲಿ ನಮ್ಮದೇ ಇಂಡಿಯನ್ ಬಯೊಲಾಜಿಕಲ್ ಡೇಟಾ ಸೆಂಟರ್ ಇರೋದು ಒಳ್ಳೇದೇ. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಜನರ ಮಾಹಿತಿ ಇರೋದೂ ಅಲ್ಲೇ.

ಆದರೆ ಸ್ವಂತ ಭಂಡಾರ ಅಂದ್ರೆ ಸ್ವಂತ ಬೀಗ ಅಂತಾಗಬಾರದು. ಒಂದು ಜೀನ್ ಬದಲಾವಣೆ ಕಾಯಿಲೆ ತರುತ್ತೋ ಇಲ್ವೋ ಅಂತ ತಿಳಿಯೋಕೆ, ಅದು ಇಲ್ಲಿನವರಲ್ಲಿ ಎಷ್ಟಿದೆ, ಹೊರಗಿನವರಲ್ಲಿ ಎಷ್ಟಿದೆ ಅಂತ ತಾಳೆ ನೋಡಬೇಕು. ಭಂಡಾರಗಳು ಒಂದಕ್ಕೊಂದು ಮಾತಾಡದಿದ್ದರೆ ಅದು ಆಗಲ್ಲ. ನಾನು ಕೇಳೋದು ಇಷ್ಟೇ: ಯಾರಿಗೆ ಅನುಮತಿ ಕೊಟ್ರಿ, ಯಾರಿಗಿಲ್ಲ, ಯಾಕೆ ಅನ್ನೋದು ಸಾರ್ವಜನಿಕವಾಗಿರಲಿ. ರಾಯಚೂರಿನ ಸಂಶೋಧಕಿಗೂ ದೊಡ್ಡ ಸಂಸ್ಥೆಯವರಿಗೂ ಒಂದೇ ನಿಯಮ ಇರಲಿ. ರಕ್ತ ಕೊಟ್ಟವರು ಜನ, ತೆರಿಗೆ ಕಟ್ಟಿದವರೂ ಜನ. ಲೆಕ್ಕ ಕೇಳೋ ಹಕ್ಕೂ ಅವರದ್ದೇ.