ನೆಡುವಾಸಲ್‌ಗೆ ಕೊಟ್ಟ ಮಾತು ಏನಾಯಿತು?

ಮಾನ್ಯ ಕೇಂದ್ರ ಪೆಟ್ರೋಲಿಯಂ ಸಚಿವರಿಗೆ,

ಎಣ್ಣೆ, ಅನಿಲ ಹುಡುಕುವ ಸೈಸ್ಮಿಕ್ ಸರ್ವೆ ತಂಡ ಬದುವಿನ ಮೇಲೆ ಕಾಲಿಟ್ಟರೆ ಕಾವೇರಿ ಮುಖಜಭೂಮಿಯ ರೈತರು ಯಾಕೆ ಅಡ್ಡ ನಿಲ್ಲುತ್ತಾರೆಂದು ತಮ್ಮ ಇಲಾಖೆ ಕೇಳಬೇಕಿಲ್ಲ. 2017ರ ಮಾರ್ಚ್ ತಿಂಗಳ ಕಡತ ತೆಗೆದು ನೋಡಿದರೆ ಸಾಕು.

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯ ನೆಡುವಾಸಲ್ ಹೋರಾಟ ಎಲ್ಲರಿಗೂ ಗೊತ್ತಿರುವಂಥದ್ದೇ. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸಂಪುಟ ಅಲ್ಲಿ ಎಣ್ಣೆ, ಅನಿಲ ತೆಗೆಯುವ ಹೈಡ್ರೋಕಾರ್ಬನ್ ಯೋಜನೆಗೆ ಒಪ್ಪಿತು, ಊರು ಧರಣಿ ಕೂತಿತು. ಜನ ಬೇಡವೆಂದರೆ ಯೋಜನೆ ಬರುವುದಿಲ್ಲ ಎಂಬ ಭರವಸೆ ಸಿಕ್ಕಿತು. ನಂಬಿ ಧರಣಿ ಬಿಟ್ಟರು. ಅದೇ ಮಾರ್ಚ್ 27ರಂದು ದೆಹಲಿಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು! ಗುತ್ತಿಗೆ ಸಿಕ್ಕಿದ್ದು ಕರ್ನಾಟಕದ ಕಂಪನಿಗೆ. ಕನ್ನಡಿಗರೂ ಇದನ್ನು ಕೇಳಲೇಬೇಕಾಗಿದೆ. ಏಪ್ರಿಲ್ ಬಿಸಿಲಲ್ಲಿ ಜನ ಮತ್ತೆ ಬೀದಿಯಲ್ಲಿ ಕೂತರು.

ಸರ್ವೆಗೆ ಹೆದರುವುದೇಕೆ ಎನ್ನುತ್ತಾರೆ ಅಧಿಕಾರಿಗಳು. ನೆಲದಲ್ಲಿ ರಂಧ್ರ ಕೊರೆದು, ತಳದಲ್ಲಿ ಸಿಡಿಮದ್ದು ಇಟ್ಟು ಸಿಡಿಸುತ್ತಾರೆ. ಕಂಪನ ಕೆಳಗಿನ ಶಿಲಾಪದರಗಳಿಗೆ ಬಡಿದು ವಾಪಸು ಬರುವುದನ್ನು ಸಾಲಾಗಿ ಚುಚ್ಚಿಟ್ಟ ಜಿಯೋಫೋನ್‌ಗಳು ಹಿಡಿಯುತ್ತವೆ. ಅಷ್ಟೇ, ನಿಜ. ಆದರೆ ರೈತ ತೀರ್ಮಾನಿಸಬೇಕಾದದ್ದು ಒಂದು ರಂಧ್ರದ ವಿಷಯವನ್ನಲ್ಲ. ಕೆಳಗೆ ಎಣ್ಣೆ, ಅನಿಲ ಸಿಕ್ಕರೆ ಅದು ಸರ್ಕಾರದ್ದು. ಇಂದು ಸರ್ವೆಗೆ ಹೂಂ ಅಂದವನು ನಾಳೆ ಬಾವಿ ಕೊರೆಯುವ ಯಂತ್ರ ಬಂದಾಗ ಬೇಡ ಎನ್ನಬಹುದೇ? ನೆಡುವಾಸಲ್ ಬೇಡ ಎಂದಿತ್ತಲ್ಲ.

ಹೇಳಿಕೊಳ್ಳಲು ಇದ್ದ ಒಂದು ಜಾಗವನ್ನೂ ಸರ್ಕಾರ ಕಿತ್ತುಕೊಂಡಿತು. 2020ರ ಜನವರಿ 16ರ ಅಧಿಸೂಚನೆಯಲ್ಲಿ ಪರಿಸರ ಸಚಿವಾಲಯ ತೈಲ, ಅನಿಲ ಪರಿಶೋಧನೆಯನ್ನು ಬಿ2 ವರ್ಗಕ್ಕೆ ಇಳಿಸಿತು. ಆ ವರ್ಗದ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ತಮಿಳುನಾಡಿನ ಆಗಿನ ಮುಖ್ಯಮಂತ್ರಿ ಪಳನಿಸ್ವಾಮಿ ಇದನ್ನು ವಿರೋಧಿಸಿ ಪ್ರಧಾನಿಗೆ ಪತ್ರ ಬರೆದರು. ಮರು ತಿಂಗಳು ತಮಿಳುನಾಡು ವಿಧಾನಸಭೆ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯವಾಗಿಸುವ ಕಾಯ್ದೆಯನ್ನೇ ಮಾಡಬೇಕಾಯಿತು. ರಾಮನಾಥಪುರಂ ಆ ವಲಯದ ಹೊರಗಿತ್ತು. 2025ರಲ್ಲಿ ಅಲ್ಲಿ ಒಎನ್‌ಜಿಸಿಯ 20 ಪರಿಶೋಧನಾ ಬಾವಿಗಳಿಗೆ ಪರಿಸರ ಅನುಮತಿ ಸಿಕ್ಕಿದ್ದು ಬಯಲಾದಾಗ, ಅದನ್ನು ಹಿಂಪಡೆಯಿರಿ ಎಂದು ರಾಜ್ಯ ಸರ್ಕಾರವೇ ಹೇಳಬೇಕಾಯಿತು. ಆ ಹೊಲಗಳ ಒಡೆಯರನ್ನು ಮೊದಲು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲವೇ?

ಇದು ತಮಿಳುನಾಡಿನ ಗೋಳು ಮಾತ್ರವಲ್ಲ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಸೈಸ್ಮಿಕ್ ಕಾರ್ಯಕ್ರಮ ದೇಶದ ಉದ್ದಗಲಕ್ಕೆ 48,243 ಕಿಲೋಮೀಟರ್ ಸರ್ವೆ ಗೆರೆಗಳ ಗುರಿ ಇಟ್ಟುಕೊಂಡಿತ್ತು. ದೇಶದ ಪದರಶಿಲಾ ಪ್ರದೇಶಗಳ ಪಟ್ಟಿಯಲ್ಲಿ ನಮ್ಮ ಕಲಾದಗಿ, ಭೀಮಾ ಪ್ರದೇಶಗಳೂ ಇವೆ. ಬಾಗಲಕೋಟೆಯ ರೈತನಿಗೂ ಕಲಬುರಗಿಯ ತೊಗರಿ ಬೆಳೆಗಾರನಿಗೂ ಒಂದು ದಿನ ಸರ್ವೆಯ ಒಪ್ಪಿಗೆ ಕಾಗದ ಮುಂದಿಟ್ಟು, ಸಹಿ ಹಾಕು ಎನ್ನಬಹುದು. ಅಷ್ಟರೊಳಗೆ ನೀವು ಆ ಕಾಗದವನ್ನು ಬದಲಿಸಬೇಕು.

ಯಾವ ಗೆರೆ ಯಾವ ಸರ್ವೆ ನಂಬರಿನಲ್ಲಿ ಹಾದುಹೋಗುತ್ತದೆ, ಸಿಡಿಮದ್ದು ಎಷ್ಟು, ಬೋರ್‌ವೆಲ್‌ನಿಂದ ಎಷ್ಟು ದೂರ, ಇದೆಲ್ಲ ರೈತನ ಭಾಷೆಯಲ್ಲಿ ಬರೆದಿರಲಿ. ಸಿಡಿಸುವ ಮೊದಲೂ ಆಮೇಲೂ ನೀರಿನ ಮಟ್ಟ ಅಳೆದು ಅವನ ಕೈಗೆ ಕೊಡಿ. ಪರಿಹಾರ ಮೊದಲೇ ಕೊಡಿ. ಅಹವಾಲು ಸಭೆಯನ್ನು ವಾಪಸು ತನ್ನಿ. ಸರ್ವೆಗೆ ಒಪ್ಪಿದ ಮಾತ್ರಕ್ಕೆ ಬಾವಿಗೂ ಒಪ್ಪಿದಂತಲ್ಲ ಎಂದು ಅದೇ ಕಾಗದದಲ್ಲಿ ಬರೆದು, ಕೆಳಗೆ ನಿಮ್ಮ ಇಲಾಖೆಯ ಮೊಹರು ಹಾಕಿ.