ಬರದ ವರ್ಷ ಏರಿದ ಎಥನಾಲ್ ದರ ಯಾರ ಹೊಲಕ್ಕೆ ಬಂತು?

ಮಾನ್ಯ ಶ್ರೀ ಪ್ರಲ್ಹಾದ ಜೋಶಿಯವರಿಗೆ,
ಕೇಂದ್ರ ಆಹಾರ ಮತ್ತು ಸಾರ್ವಜನಿಕ ವಿತರಣಾ ಸಚಿವರು, ನವದೆಹಲಿ



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬೇಸಾಯ ಮಾಡುವವನು ನಾನು. ರಾಜ್ಯದಲ್ಲೇ ಮಳೆ ತೀರಾ ಕಡಿಮೆ ಬೀಳುವ ತಾಲ್ಲೂಕುಗಳಿವು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಬಂದರೆ ಅದೇ ದೊಡ್ಡದು. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ನಮ್ಮದು ಶೇಂಗಾ ನಾಡು. ಶೇಂಗಾ ವರ್ಷವರ್ಷವೂ ಕೈಕೊಡುತ್ತಾ ಬಂದಾಗ ನಮ್ಮಲ್ಲಿ ಹಲವರು ಮೆಕ್ಕೆಜೋಳಕ್ಕೆ ಹೊರಳಿದೆವು.

2023ರಲ್ಲಿ ನನ್ನ ಮೂರು ಎಕರೆ ಬೆದ್ಲು ಹೊಲಕ್ಕೂ ಅದನ್ನೇ ಹಾಕಿದ್ದೆ. ಜುಲೈ ಕೊನೆಯ ಮಳೆಗೆ ಪೈರು ಎದ್ದು ನಿಂತಿತು. ಆಗಸ್ಟ್ ಪೂರ್ತಿ ಒಂದು ಹದಮಳೆ ಬರಲಿಲ್ಲ. ಸೂಲಂಗಿ ಬಿಡುವ ಹೊತ್ತಿಗೆ ಗರಿಗಳು ಸುರುಳಿ ಸುತ್ತಿಕೊಂಡವು. ತೆನೆ ಸುಲಿದರೆ ಬೆಂಡಿನ ಮೇಲೆ ಅಲ್ಲೊಂದು ಇಲ್ಲೊಂದು ಕಾಳು. ಕೊನೆಗೆ ದನ ಬಿಟ್ಟು ಮೇಯಿಸಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ ಅದು.

ಅದೇ ಬರ ಕಬ್ಬನ್ನೂ ಒಣಗಿಸಿತು. ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಇಳುವರಿ ಕುಸಿಯುವ ಸೂಚನೆ ಕಂಡೊಡನೆ, 2023ರ ಡಿಸೆಂಬರ್ 7ರಂದು, ಕಬ್ಬಿನ ಹಾಲಿನಿಂದ ಎಥನಾಲ್ ಮಾಡಬಾರದೆಂದು ಕೇಂದ್ರ ಆದೇಶಿಸಿತು. ವಾರ ಕಳೆಯುತ್ತಲೇ ಅದನ್ನು ಸಡಿಲಿಸಿ, 17 ಲಕ್ಷ ಟನ್ ಸಕ್ಕರೆಯಷ್ಟಕ್ಕೆ ಮಿತಿ ಹಾಕಿತು. ಎಥನಾಲ್‌ಗೆಂದು ಡಿಸ್ಟಿಲರಿಗಳಿಗೆ ಕೊಡುತ್ತಿದ್ದ ಭಾರತೀಯ ಆಹಾರ ನಿಗಮದ ಅಕ್ಕಿ ಆ ವರ್ಷದ ಜುಲೈನಲ್ಲೇ ನಿಂತಿತ್ತು. ಉಳಿದದ್ದು ಮೆಕ್ಕೆಜೋಳ. 2024ರ ಜನವರಿಯಲ್ಲಿ ತೈಲ ಕಂಪನಿಗಳು ಮೆಕ್ಕೆಜೋಳದ ಎಥನಾಲ್‌ಗೆ ಲೀಟರಿಗೆ 5 ರೂಪಾಯಿ 79 ಪೈಸೆ ಏರಿಸಿ 71 ರೂಪಾಯಿ 86 ಪೈಸೆ ಮಾಡಿದವು.

ಈ ಏರಿಕೆ ತಪ್ಪೆಂದು ನಾನು ಹೇಳುತ್ತಿಲ್ಲ, ಸ್ವಾಮಿ. ಪೆಟ್ರೋಲಿಗೆ ಬೆರೆಸುವ ಗುರಿ ನಿಲ್ಲಬಾರದು, ಕಾರ್ಖಾನೆಗೆ ನಷ್ಟವಾಗಬಾರದು ಎಂಬುದು ಅರ್ಥವಾಗುತ್ತದೆ. ನೋಯಿಸಿದ್ದು ಕಾರ್ಖಾನೆಗೆ ಕೊಡುವ ಕೈಗೂ ರೈತನಿಗೆ ಕೊಡುವ ಕೈಗೂ ಇದ್ದ ವೇಗದ ವ್ಯತ್ಯಾಸ. ಬರ ಬಿದ್ದ ಕೆಲವೇ ತಿಂಗಳಲ್ಲಿ ಡಿಸ್ಟಿಲರಿಯ ದರ ಏರಿತು. ಅದೇ ಜನವರಿಯಲ್ಲಿ ನಮಗೆ ಸಿಕ್ಕಿದ್ದು ರಾಜ್ಯ ಸರ್ಕಾರದ ಮೊದಲ ಕಂತು, ಒಬ್ಬೊಬ್ಬ ರೈತನಿಗೆ ಹೆಚ್ಚೆಂದರೆ 2,000 ರೂಪಾಯಿ. ಕೇಂದ್ರದ ಬರ ಪರಿಹಾರ ಬಂದದ್ದು ಏಪ್ರಿಲ್ ಕೊನೆಗೆ, ಅದೂ ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ. ರಾಜ್ಯ ಕೇಳಿದ್ದು 18,171 ಕೋಟಿ, ಬಂದದ್ದು 3,454 ಕೋಟಿ. ಮೆಕ್ಕೆಜೋಳಕ್ಕೆ ಬೆಲೆ ಬಂದ ಆ ವರ್ಷ ಮಾರಲು ನಮ್ಮ ಕಣದಲ್ಲಿ ಕಾಳೇ ಇರಲಿಲ್ಲ.

ಹಾಗಾದರೆ ಬೆಳೆ ಬಂದ ವರ್ಷ? 2025ರ ಸುಗ್ಗಿ ನೋಡಿ. ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಮಂಡಿಯಲ್ಲಿ 1,600ರಿಂದ 1,800. ಹಾವೇರಿ, ಗದಗದ ರೈತರು ಬೀದಿಗಿಳಿದರು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು. ಒಂದು ಕ್ವಿಂಟಾಲ್ ಮೆಕ್ಕೆಜೋಳದಿಂದ ಸುಮಾರು 38 ಲೀಟರ್ ಎಥನಾಲ್ ಬರುತ್ತದೆ. 71 ರೂಪಾಯಿ 86 ಪೈಸೆಯ ಲೆಕ್ಕದಲ್ಲಿ ಅದು 2,730 ರೂಪಾಯಿ. ಉಳಿದ ಹಿಂಡಿ ದನ, ಕೋಳಿಗಳ ಮೇವಾಗಿ ಮಾರಾಟವಾಗುತ್ತದೆ. ಕಾರ್ಖಾನೆಗೆ ಇಂಧನ, ಬಡ್ಡಿ, ಕೂಲಿಯ ಖರ್ಚಿದೆ, ಒಪ್ಪುತ್ತೇನೆ. ಆದರೆ ಕಾಳಿನ ಬೆಲೆ ಬೆಂಬಲ ಬೆಲೆಗಿಂತ 600ರಿಂದ 800 ರೂಪಾಯಿ ಕೆಳಗೆ ಬಿದ್ದಾಗಲೂ ಎಥನಾಲ್ ದರ ಬೀಳಲಿಲ್ಲ. ಆ ವ್ಯತ್ಯಾಸ ನಮಗೂ ದಕ್ಕಲಿಲ್ಲ, ಚಳ್ಳಕೆರೆಯ ಬಂಕಿನಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸುವವನಿಗೂ ದಕ್ಕಲಿಲ್ಲ.

ಇನ್ನೊಂದು ಮಾತು ನೇರವಾಗಿ ನಿಮ್ಮ ಇಲಾಖೆಯದು. 2025ರ ಜನವರಿಯಲ್ಲಿ ಎಥನಾಲ್‌ಗೆಂದು ಕೊಡುವ ನಿಗಮದ ಅಕ್ಕಿಯನ್ನು ಕ್ವಿಂಟಾಲಿಗೆ 2,800ರಿಂದ 2,250 ರೂಪಾಯಿಗೆ ಇಳಿಸಲಾಯಿತು. ಅಕ್ಕಿಯಿಂದ ಮೆಕ್ಕೆಜೋಳಕ್ಕಿಂತ ಹೆಚ್ಚು ಲೀಟರ್ ಬರುತ್ತದೆ. ಅಂಥ ಅಕ್ಕಿ ಉಗ್ರಾಣದ ಬಾಗಿಲಲ್ಲಿ ಅಗ್ಗಕ್ಕೆ ಸಿಗುವಾಗ ಬೆಂಬಲ ಬೆಲೆ ಕೊಟ್ಟು ನನ್ನ ಮೆಕ್ಕೆಜೋಳವನ್ನು ಯಾರು ಎತ್ತುತ್ತಾರೆ?

ಎಥನಾಲ್ ದರ ಗೊತ್ತುಮಾಡುವಲ್ಲಿ ಪೆಟ್ರೋಲಿಯಂ ಇಲಾಖೆ, ತೈಲ ಕಂಪನಿಗಳೂ ಇವೆ ಎಂಬುದು ನನಗೆ ಗೊತ್ತು. ಆದರೆ ಅಕ್ಕಿ, ಸಕ್ಕರೆ, ಬೆಂಬಲ ಬೆಲೆಯ ಖರೀದಿ ನಿಮ್ಮ ಕೈಯಲ್ಲಿವೆ. ನೀವು ಇದೇ ರಾಜ್ಯದವರು, ಧಾರವಾಡದ ಸಂಸದರು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೇಳುವುದು ಇಷ್ಟು. ರೈತನ ಖಾತೆಗೆ ಬೆಂಬಲ ಬೆಲೆ ಜಮೆಯಾದ ದಾಖಲೆ ತೋರಿಸಿದ ಡಿಸ್ಟಿಲರಿಗೆ ಮಾತ್ರ ಪೂರ್ತಿ ದರ ಕೊಡುವಂತೆ ಮಾಡಿ. ನಾಫೆಡ್ ಮೂಲಕ ಬೆಂಬಲ ಬೆಲೆಗೆ ಕೊಂಡು ಡಿಸ್ಟಿಲರಿಗೆ ಕೊಡುವ ಯೋಜನೆಯನ್ನು ಕೇಂದ್ರವೇ ಹಿಂದೆ ಘೋಷಿಸಿತ್ತು. ಅದರ ತೂಕದ ಕಾಟಾ ಚಳ್ಳಕೆರೆ ಎಪಿಎಂಸಿಗೂ ಬರಲಿ, ಮೊಳಕಾಲ್ಮೂರಿಗೂ ಬರಲಿ, ಕಾಳು ದಲ್ಲಾಳಿಯ ಕೈ ಸೇರುವ ಮುನ್ನವೇ ಬರಲಿ. ಬರದ ವರ್ಷ ಎಥನಾಲ್ ದರ ಏರಿಸುವ ಆದೇಶ ಹೊರಟರೆ, ಆ ಏರಿಕೆಯಲ್ಲಿ ಒಂದು ಪಾಲು ಬೆಳೆ ಕಳೆದುಕೊಂಡ ತಾಲ್ಲೂಕುಗಳ ಮೆಕ್ಕೆಜೋಳ ರೈತರಿಗೆ ಎಂದು ಅದೇ ಆದೇಶದಲ್ಲಿ ಬರೆಸಿ.

ಮೃಗಶಿರಾ ಮಳೆ ಹೊತ್ತಿಗೆ ನಾನು ಬೀಜದ ಅಂಗಡಿ ಮುಂದೆ ನಿಂತಿರುತ್ತೇನೆ. ಶೇಂಗಾ ಕೊಳ್ಳಬೇಕೋ ಮೆಕ್ಕೆಜೋಳವೋ ಎಂದು ಅಲ್ಲಿ ತೀರ್ಮಾನಿಸಬೇಕು. ನಿಮ್ಮ ಉತ್ತರ ಅದಕ್ಕೆ ಮೊದಲು ಬರಲಿ.

ಇಂತಿ,
ಚಳ್ಳಕೆರೆ ತಾಲ್ಲೂಕಿನ ಒಬ್ಬ ರೈತ